ಜೋಡಿ ನಳಿಗೆಯ ಒಂಟಿ ಅಡಿಕೆ

"ಇಟ್ಟಮಡುವಿನ ನಮ್ಮನೆ ತಾರಸಿ ಮೇಲೆ ನಿಂತು, ಹುಳಿಮಾವು ಕೆರೇಲಿ ಕೂತಿದ್ದ ಕೊಕ್ಕರೆಯ ಕೊಕ್ಕಿನಿಂದ ಮೀನನ್ನ ಮಾತ್ರ ಹಾರಿಸಿದೋನು ನಾನು ಮೇಡಂ. ಅದೂ ಎಡಗೈಯಲ್ಲಿ. ಬಲಗೈಯಲ್ಲಿ ಕಾಫಿ ಲೋಟ ಇತ್ತು. ಕೊಕ್ಕರೆಗೆ ಗೊತ್ತೇ ಆಗ್ಲಿಲ್ಲ. ಮೀನು ನುಂಗಾಯ್ತು ಅಂದ್ಕೊಂಡು ಹಾರಿ ಹೋಯ್ತು."

ಸಬ್‌ ಇನ್‌ಸ್ಪೆಕ್ಟರ್ ಮಧುಮತಿ ನಗಲಿಲ್ಲ. ಬಗ್ಗಿ ನೆಲ ನೋಡುತ್ತಿದ್ದವರು ಹಾಗೇ ಕೇಳಿದರು.

"ಮೀನು ಏನಾಯ್ತು?"

"ನೀರಿಗೆ ಬಿತ್ತು, ಈಜ್ಕೊಂಡು ಹೋಯ್ತು. ನನ್ನ ಕೈಯಿಂದ ಇವತ್ತಿನವರೆಗೂ ಒಂದು ಜೀವಕ್ಕೂ ನೋವಾಗಿಲ್ಲ ಮೇಡಂ."

ಹೇಳಿ ಮುಗಿಸುವಷ್ಟರಲ್ಲಿ ನಾನು ನಿಂತಿರುವ ಜಾಗ ಯಾವುದೆಂದು ನೆನಪಾಯಿತು. ಕಾಲ ಬುಡದಲ್ಲೇ ಕಲ್ಲುಚಪ್ಪಡಿ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಎಷ್ಟು ತಿಕ್ಕಿದ್ದರೂ ಚಪ್ಪಡಿಯ ಸಂದಿಯಲ್ಲಿ ಕಂದು ಬಣ್ಣ ಉಳಿದಿತ್ತು. ಅದು ಕುಂಕುಮವಲ್ಲ.

ಆಯುಧಪೂಜೆಯ ಮಧ್ಯಾಹ್ನ, ವಸಂತಪುರದ ಈ ಬಾಡಿಗೆ ಬಂಗಲೆಯ ಅಂಗಳದಲ್ಲಿ, ಬರೀ ಸದ್ದು ಮಾಡಬೇಕಿದ್ದ ಶೂಟಿಂಗ್ ಬಂದೂಕಿನಿಂದ ಬಟ್ಟಲಡಿಕೆಯೊಂದು ಹಾರಿ, ವಾಚ್‌ಮನ್ ಪಾತ್ರದ ಹುಡುಗ ಚನ್ನವೀರನ ಬಲಗಣ್ಣು ತೆಗೆದಿತ್ತು. ಹಿಂದಿನ ಕಂತನ್ನು ಅಲ್ಲಿಗೆ ನಿಲ್ಲಿಸಿದ್ದೆ.

ಹೊಸಬರು ಯಾರಾದರೂ ಓದುತ್ತಿದ್ದರೆ ನನ್ನ ಪರಿಚಯ ಮಾಡಿಕೊಳ್ಳಲಿ. ನಾನು ದಾಸಪ್ಪ. ಗಾಂಧಿನಗರದಿಂದ ಹಾಲಿವುಡ್ಡಿನವರೆಗೂ ಗನ್ ದಾಸಪ್ಪ ಅಂದರೆ ಎದ್ದು ನಿಲ್ಲುತ್ತಾರೆ. ಸೆಟ್ಟಿಗೆ ಬರುವ ಬಂದೂಕಿನ ಬೀಗ, ತೋಟಾ, ಅದು ಯಾರ ಕೈಗೆ ಯಾವಾಗ ಹೋಗಬೇಕು ಅನ್ನುವ ಮಾತು, ಎಲ್ಲ ನನ್ನದು. ಚನ್ನವೀರ ಬಿದ್ದ ಗಳಿಗೆಯಿಂದ ಈ ಕೇಸಿನ ಪತ್ತೇದಾರನೂ ನಾನೇ. ಯಾರೂ ನೇಮಿಸಲಿಲ್ಲ. ಇಂಥ ಕೆಲಸಕ್ಕೆ ಇನ್ಯಾರಿದ್ದಾರೆ ಹೇಳಿ?

ಇವತ್ತು ಬೆಳಿಗ್ಗೆಯಷ್ಟೇ ಒಬ್ಬಳು ನೇಮಿಸಿದಳು. ರೇಣವ್ವ. ನನ್ನ ಅಸಿಸ್ಟೆಂಟ್ ಬಸವಂತನ ಹೆಂಡತಿ. ಬಿಟಿಎಂನಲ್ಲಿ ಒಂದು ರೂಮು ಮಾಡಿಕೊಂಡಿದ್ದಾರೆ, ಯಾದಗಿರಿ ಕಡೆಯವರು. ನಾನು ಹಲ್ಲುಜ್ಜುತ್ತಿರುವಾಗಲೇ ಬಂದು ಬಾಗಿಲಲ್ಲಿ ನಿಂತಿದ್ದಳು.

"ಅಣ್ಣಾರ, ನಮ್ಮನಿಯವ್ರು ನಿನ್ನಿ ಸಂಜಿಮುಂದ ತಾವಾಗೇ ಸ್ಟೇಷನ್ನಿಗಿ ಹೋಗ್ಯಾರ್ರಿ. ತಪ್ಪೆಲ್ಲ ನಂದs ಅಂತ ಹೇಳ್ಯಾರ. ಇವತ್ತು ಸಂಜಿಗಿ ಕೋರ್ಟಿಗಿ ಒಯ್ತಾರಂತ. ನೀವs ಏನರ ಪತ್ತೆ ಮಾಡ್ರಿ."

"ಸಂಜೆಯೊಳಗೆ ನಿನ್ನ ಗಂಡನ್ನ ಮನೆಗೆ ಕಳಿಸ್ತೀನಿ ತಾಯಿ. ದಾಸಪ್ಪ ಹೇಳಿದ್ಮೇಲೆ ಮುಗೀತು," ಅಂದೆ. ಬಾಯಲ್ಲಿ ಪೇಸ್ಟಿನ ನೊರೆ ಇತ್ತು. ಅವಳು ಕೈಮುಗಿದಳು. ನಾನು ಮುಖ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಈಗ ಅವಳು ಬಂಗಲೆಯ ಗೇಟಿನ ಹತ್ತಿರ, ಕಾಂಪೌಂಡಿನ ಕಲ್ಲಿನ ಮೇಲೆ ಕೂತಿದ್ದಾಳೆ. ಒಳಗೆ ಬಾ ಎಂದರೂ ಬರಲಿಲ್ಲ.

ಮಹಜರಿಗೆಂದು ನಮ್ಮನ್ನೆಲ್ಲ ಕರೆಸಿದ್ದರು. ನಮ್ಮನ್ನೆಲ್ಲ ಅಂದರೆ ನಾನು, ನಿರ್ದೇಶಕ ಮಹೇಶ್, ಸೆಟ್ಟಿನ ಅಡುಗೆ ನೋಡಿಕೊಳ್ಳುವ ಗೋವಿಂದಮ್ಮ.

ಮಧುಮತಿ ಗೋಡೆಯ ಕಡೆ ಹೋದರು. ಪೂಜೆ ಮಾಡಿದ ಜಾಗ. ಬಾಡಿದ ಚೆಂಡುಹೂವು, ಒಡೆದ ಕುಂಬಳಕಾಯಿಯ ಒಂದು ಚೂರು. ಬಂದೂಕನ್ನು ಬಾಯಿ ಮೇಲೆ ಮಾಡಿ ಒರಗಿಸಿದ್ದ ಕಡೆ ಸುಣ್ಣದ ಗೋಡೆಗೆ ಗಂಧ ಮೆತ್ತಿತ್ತು.

"ನಳಿಗೆ ಒಳಗೆ ಅಡಿಕೆ ಹೋಗಿದ್ದು ಇಲ್ಲಿ," ಅಂದರು.

"ಇಲ್ಲೇ ಮೇಡಂ. ಆದ್ರೆ ಕೇಸು ಇಲ್ಲಿಲ್ಲ." ನಾನು ಅಂಗಳದ ನಡುವಿಗೆ ಹೋಗಿ ಕಾಲಿಂದ ತೋರಿಸಿದೆ. "ಕೇಸು ಇಲ್ಲಿದೆ. ನೋಡಿ, ಸೀಮೆಸುಣ್ಣದ ಎರಡು ಗುರುತು. ದೂರದ್ದು ನಾನು ಹಾಕಿದ್ದು. ಚನ್ನವೀರ ಅಲ್ಲಿ, ಬಂದೂಕಿನ ನೇರಕ್ಕೆ ಬರದ ಹಾಗೆ ಒಂದು ಪಕ್ಕಕ್ಕೆ ನಿಲ್ಲಬೇಕಿತ್ತು. ಬ್ಲಾಂಕ್ ತೋಟಾದಲ್ಲಿ ಗುಂಡಿರಲ್ಲ, ಆದ್ರೆ ಮದ್ದಿರತ್ತೆ. ನಳಿಗೆ ಬಾಯಲ್ಲಿ ಏನಿದ್ರೂ ಅದನ್ನ ಗುಂಡು ಮಾಡ್ಬಿಡತ್ತೆ. ಅದಕ್ಕೇ ಗುರುತು. ಈ ಹತ್ತಿರದ ಗುರುತು ನಂದಲ್ಲ. ಇದನ್ನ ಯಾರು ಹಾಕಿದ್ರೋ ಅವರೇ ಆ ಕಣ್ಣಿಗೆ ಹೊಣೆ."

ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಹಿಡಿಸಿತು. ತಿರುಗಿ ನಿಂತು, ಇಡೀ ಬನಶಂಕರಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದೆ.

"ಮಹೇಶ್ ಸಾರ್. ಚನ್ನವೀರನ್ನ ಅಲ್ಲಿಂದ ಇಲ್ಲಿಗೆ ತಂದಿದ್ದು ಯಾರು?"

"ನಾನೇ."

ಇಷ್ಟು ಸಲೀಸಾಗಿ ಉತ್ತರ ಬರುತ್ತದೆಂದು ಎಣಿಸಿರಲಿಲ್ಲ. ಮಹೇಶನದು ಮೊದಲ ಸಿನಿಮಾ. ಗಡ್ಡ ಬೆಳೆದಿತ್ತು. ಅಂದು ಹಾಕಿದ್ದ ಪೂಜೆಯ ಶರ್ಟನ್ನೇ ಇನ್ನೂ ಹಾಕಿಕೊಂಡಿದ್ದ ಹಾಗೆ ಕಂಡಿತು.

"ಒಪ್ಕೊಂಡ್ರು ಮೇಡಂ! ಬರ್ಕೊಳಿ!"

"ಮುಖ ಬೇಕಿತ್ತು ಫ್ರೇಮಲ್ಲಿ," ಅಂದ ಮಹೇಶ. "ವಾಚ್‌ಮನ್ ಪಾತ್ರ, ಒಂದೇ ಶಾಟು. ಆ ಹುಡುಗನಿಗೂ ಮುಖ ಕಾಣಿಸ್ಲಿ ಅಂತಿತ್ತು. ಊರಲ್ಲಿ ಎಲ್ಲರಿಗೂ ತೋರಿಸ್ತೀನಿ ಅಂತಿದ್ದ. ಆದ್ರೆ ನಾನು ಸುಮ್ಮನೆ ತರ್ಲಿಲ್ಲ ದಾಸಣ್ಣ. ನಿಮ್ಮನ್ನ ಕೇಳಿದೆ."

"ಏನು ಕೇಳಿದ್ರಿ?"

"ಹತ್ರ ನಿಲ್ಲಿಸ್ಬಹುದಾ ಅಂತ. ನೀವೇನಂದ್ರಿ, ನೆನಪು ಮಾಡ್ಕೊಳಿ."

"ಸಾವಿರ ಜನ ಸಾವಿರ ಕೇಳ್ತಾರೆ ಸಾರ್..."

"'ದಾಸಪ್ಪ ಕ್ಲಿಯರ್ ಅಂದ ಗನ್‌ಗೆ ನಿಮ್ಮ ಮಗೂ ಕೈಲಿ ಮುತ್ತು ಕೊಡಿಸಿ' ಅಂದ್ರಿ. ಎಲ್ಲರೂ ನಕ್ಕರು. ನಾನೂ ನಕ್ಕೆ." ಅವನು ಹತ್ತಿರದ ಗುರುತನ್ನೇ ನೋಡುತ್ತಿದ್ದ. "ನಗಬಾರದಿತ್ತು. ಡೈರೆಕ್ಟರ್ ನಾನು. ಪೂಜೆ ದಿನ ಆಯುಧ ಮುಟ್ಟಬಾರದು ಅಂತ ಗೋವಿಂದಮ್ಮ ಹೇಳಿದ್ರೂ ಶುಭಕ್ಕೆ ಒಂದೇ ಒಂದು ಶಾಟ್ ತೆಗೆಯೋಣ ಅಂದೋನು ನಾನು. ನನ್ನ ಪಾಲು ನಂದೇ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಆ 'ಕ್ಲಿಯರ್' ಅನ್ನೋ ಕೂಗು ಕೇಳದೇ ಇದ್ದಿದ್ರೆ ಅವನನ್ನ ಒಂದು ಹೆಜ್ಜೆನೂ ಮುಂದೆ ಕರೀತಿರ್ಲಿಲ್ಲ."

ನಾನು ದೂರದ ಗುರುತಿನ ಕಡೆಗೆ ಒಂದು ಹೆಜ್ಜೆ ಸರಿದೆ.

ಮಧುಮತಿ ಪೂಜೆಯ ಜಾಗ ಬಿಟ್ಟು ನನ್ನೆದುರು ಬಂದರು. "ಕ್ಲಿಯರ್ ಅಂತ ಕೂಗೋಕೆ ಮುಂಚೆ ನೀವು ಏನು ಮಾಡಿದ್ರಿ?"

"ಮೂರು ಸಲ ಬಂದೂಕು ಬಿಚ್ಚಿದೆ. ತೋಟಾ ತೆಗೆದೆ. ನಳಿಗೆ ಆಕಾಶಕ್ಕೆ ಹಿಡಿದೆ. ಒಂದರಲ್ಲಿ ಸೂರ್ಯ ಕಂಡ, ಇನ್ನೊಂದರಲ್ಲಿ ಹಗಲು ಹೊತ್ತಲ್ಲೇ ಚಂದ್ರ ಕಂಡ ಮೇಡಂ, ಅಷ್ಟು ಸ್ವಚ್ಛ ಇತ್ತು. ಅಡಿಕೆ ಬಿದ್ದಿದ್ದು ಅದಾದ್ಮೇಲೆ. ಯಾರೋ ಬೇಕಂತ ಹಾಕಿದ್ದಾರೆ."

ಓದುಗರೇ, ಹಿಂದಿನ ಕಂತಿನಲ್ಲಿ ನಿಮಗೂ ಇದನ್ನೇ ಹೇಳಿದ್ದೆ. ಚಂದ್ರ ಇವತ್ತು ಸೇರಿಸಿದ್ದು.

ಅವರು ಜೇಬಿನಿಂದ ಸೀಲು ಮಾಡಿದ ಪುಟ್ಟ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಅರಿಶಿನ ದಾರ.

"ಇದು?"

ನನಗೆ ಜೀವ ಬಂತು. "ನಂದು! ಪೂಜೆಗೆ ಬಂದೂಕಿಗೆ ನಾನೇ ಕಟ್ಟಿದ್ದು. ಗಂಟು ನೋಡಿ ಮೇಡಂ. ಈ ಗಂಟು ಹಾಕೋ ಗಂಡಸು ಕರ್ನಾಟಕದಲ್ಲಿ ನಾನೊಬ್ಬನೇ. ಆನೆ ಎಳೆದ್ರೂ ಬಿಚ್ಚಲ್ಲ. ಕತ್ತರಿಸ್ಬೇಕು, ಅಷ್ಟೇ."

"ಕತ್ತರಿಸಿದ್ದು ಲ್ಯಾಬ್‌ನೋರು. ನಿನ್ನೆ, ನನ್ನ ಕಣ್ಣೆದುರು. ಗಂಟು ಹಾಗೇ ಇದೆ, ಕತ್ತರಿಸಿದ ತುದಿ ಹೊಸದು. ದಾರ ಸುತ್ತಿದ್ದದ್ದು ಬಂದೂಕು ಮಡಚೋ ಜಾಗಕ್ಕೆ. ನೀವಿಟ್ಟ ಕುಂಕುಮದ ಬೊಟ್ಟೂ ಆ ಸಂದಿ ಮೇಲೆ ಬಿರುಕು ಬಿಡದೆ ಕೂತಿತ್ತು." ಅವರ ದನಿ ಏರಲಿಲ್ಲ. "ಹಾಗಿದ್ರೆ ಪೂಜೆ ಆದ್ಮೇಲೆ ಮೂರು ಸಲ ಹೇಗೆ ಬಿಚ್ಚಿದ್ರಿ ದಾಸಪ್ಪ?"

ಕನಕಪುರ ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿತು. ಮಹೇಶ ನನ್ನ ಮುಖ ನೋಡಿದ.

"ಅದು... ಪೂಜೆಗೆ ಮುಂಚೆ ಬಿಚ್ಚಿದ್ದು ಮೇಡಂ. ತೋಟಾ ಆಗಲೇ ತುಂಬಿಟ್ಟಿದ್ದೆ, ಸಮಯ ಉಳೀಲಿ ಅಂತ. ಪೂಜೆ ಮಾಡಿದ ದಾರ ಹರಿದ್ರೆ ಅಪಶಕುನ ಅಂತ..."

"ಅಂದ್ರೆ ಶಾಟ್‌ಗೆ ಮುಂಚೆ ನೋಡ್ಲಿಲ್ಲ."

"ಅಯ್ಯೋ, ಬಿಡಿ ಮೇಡಂ, ಅವರನ್ನ ಯಾಕೆ ಹಂಗೆ ಕೇಳ್ತೀರ!"

ಗೋವಿಂದಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಈ ಕಡೆ ಬರಬೇಡಿ ಅನ್ನುವ ಹಾಗೆ ಕಣ್ಣು ಮಾಡಿದೆ. ಅವರಿಗೆ ಅದು ಅರ್ಥವಾಗಲಿಲ್ಲ. ನನ್ನ ಪರವಾಗಿ ಮಾತಾಡಲು ಬಂದವರು ಅವರು. ಇಪ್ಪತ್ತು ಸಿನಿಮಾಗಳಲ್ಲಿ ನನಗೆ ಅನ್ನ ಬಡಿಸಿದವರು.

"ದಾಸಣ್ಣ ಹಂಗೆಲ್ಲ ಮರೆಯೋರಲ್ಲ ಮೇಡಂ. ನಾನೇ ಹೇಳ್ತೀನಿ ಕೇಳಿ. ಪೂಜೇಲಿ ಕ್ಯಾಮೆರಾಗೂ ಎಲೆ ಅಡಿಕೆ ಇಟ್ಟೆ, ಜನರೇಟರ್‌ಗೂ ಇಟ್ಟೆ. ಬಂದೂಕು ಗೋಡೆಗೆ ನಿಂತಿತ್ತು, ಎಲೆ ನಿಲ್ತಿರ್ಲಿಲ್ಲ. ಅಡಿಕೆ ಗಂಧದಲ್ಲಿ ಅದ್ದಿ ಇದರ ಬಾಯಿಗೇ ಇಡ್ಲಾ ಅಣ್ಣ ಅಂದೆ. ಇವರು, 'ಇಡಮ್ಮ, ಶಾಟ್‌ಗೆ ಮುಂಚೆ ನಾನು ತೆಗೀತೀನಿ' ಅಂದ್ರು."

"ಗೋವಿಂದಮ್ಮ," ಅಂದೆ.

"ಇರಿ ಅಣ್ಣ, ನಿಜ ಹೇಳೋಕೆ ಏನು ಭಯ. ತೆಗೆದ್ರು ಮೇಡಂ! ನಾನೇ ನೋಡಿದೆ. ಬಂದೂಕಿನ ಬಾಯಿ ಕೆಳಗೆ ಬಗ್ಗಿಸಿದ್ರು, ಅಡಿಕೆ ಅಂಗೈಗೆ ಬಿತ್ತು, ಎಲೆ ಜೊತೆ ಬಾಯಿಗೆ ಹಾಕ್ಕೊಂಡ್ರು. 'ದೇವರ ಪ್ರಸಾದ' ಅಂತ ನಗಾಡಿದ್ರು. ನಾನಿಟ್ಟಿದ್ದು ಹಂಗೆ ಹೋಯ್ತು. ಆ ಹುಡುಗನ ಕಣ್ಣಿಗೆ ಬಿದ್ದಿದ್ದು ಇನ್ಯಾರೋ ಪಾಪಿ ಹಾಕಿದ್ದು. ಇಲ್ದಿದ್ರೆ ಈ ಮೂರು ದಿನ ನಾನು ಅನ್ನ ನುಂಗ್ತಿದ್ನಾ?"

ಮಧುಮತಿ ತಟ್ಟೆಯಿಂದ ಕಾಫಿ ತೆಗೆದುಕೊಳ್ಳಲಿಲ್ಲ.

"ಎಷ್ಟು ಅಡಿಕೆ ಇಟ್ಟಿದ್ರಿ ಅಮ್ಮ?"

"ಎರಡು. ಜೋಡಿ ನಳಿಗೆ ಅಲ್ವಾ, ಒಂದೊಂದಕ್ಕೆ ಒಂದೊಂದು. ದೇವರಿಗೆ ಒಂಟಿ ಅಡಿಕೆ ಇಡ್ತಾರಾ ಯಾರಾದ್ರೂ?"

"ಇವರ ಅಂಗೈಗೆ ಎಷ್ಟು ಬಿತ್ತು?"

ಗೋವಿಂದಮ್ಮ ಉತ್ತರ ಹೇಳಲು ಹೊರಟರು. ನನ್ನನ್ನು ನೋಡಿದರು. ಕೈಯಲ್ಲಿದ್ದ ತಟ್ಟೆ ಒಂದು ಪಕ್ಕಕ್ಕೆ ವಾಲಿತು. ಮಹೇಶ ಹೋಗಿ ತಟ್ಟೆ ಹಿಡಿದುಕೊಂಡ.

"ದಾಸಣ್ಣ," ಅಂದರು ಅವರು, ಮೆಲ್ಲಗೆ. "ಇನ್ನೊಂದನ್ನೂ ತೆಗೆದ್ರಿ ಅಲ್ವಾ?"

ಕೊಕ್ಕರೆಯ ಮೀನು ಹಾರಿಸುವವನ ಹತ್ತಿರ ಈ ಪ್ರಶ್ನೆಗೆ ನೂರು ಉತ್ತರ ಇರಬೇಕಿತ್ತು.

"ಒಂದs ಬಿದ್ದಿತ್ತು."

ಮಾತು ಗೇಟಿನ ಕಡೆಯಿಂದ ಬಂತು. ರೇಣವ್ವ ಕಲ್ಲಿನಿಂದ ಎದ್ದಿದ್ದಳು. ಸೆರಗು ಹೊದ್ದು ಅಂಗಳದ ಅಂಚಿಗೆ ಬಂದು ನಿಂತಳು, ಸೀಮೆಸುಣ್ಣದ ಗುರುತು ತುಳಿಯದ ಹಾಗೆ.

"ನಮ್ಮನಿಯವ್ರು ಬಾಜೂಕs ನಿಂತಿದ್ರಂತ್ರಿ. ಒಂದs ಬಿದ್ದಿದ್ದು ನೋಡ್ಯಾರ. 'ಇನ್ನೊಂದು ಎಲ್ಲಿ ಮಾಸ್ತರ್' ಅಂತ ಕೇಳ್ಬೇಕಂತ ಬಾಯಿಗಿ ಬಂದಿತ್ತಂತ. ಕೇಳ್ಲಿಲ್ಲ. ಬಂದೂಕು ಹಂಗs ಒಯ್ದು ಅದನ್ನ ಹಾರ್ಸೋ ಆಕ್ಟರ್ ಕೈಯಾಗ ಕೊಟ್ಟಾರ. ಅದಕ್ಕs ತಪ್ಪು ನಂದs ಅಂತಾರ. ನಿಮ್ಮ ಹೆಸರು ತಗೋವಲ್ಲರು."

"ಯಾಕೆ ಕೇಳಲಿಲ್ಲ?" ಮಧುಮತಿ ಅವಳನ್ನು ಕೇಳಿದರು. ನೋಡಿದ್ದು ನನ್ನನ್ನು.

ಯಾಕೆಂದು ನನಗೆ ಗೊತ್ತಿತ್ತು. ಕಳೆದ ಯುಗಾದಿಯ ಹೊತ್ತಿಗೆ ಬೇರೆ ಸೆಟ್ಟಿನಲ್ಲಿ ಬಸವಂತ, "ಮಾಸ್ಟರ್, ತೋಟಾ ಇನ್ನೊಂದ್ಸಲ ನೋಡೋಣ್ವಾ?" ಅಂದಿದ್ದ. ಯೂನಿಟ್ಟಿನ ಮುಂದೆ ಅವನ ಕೈಗೆ ಬಂದೂಕು ಕೊಟ್ಟು, ನಾನು ಅವನಿಗೆ ಸೆಲ್ಯೂಟ್ ಹೊಡೆದಿದ್ದೆ. "ಇನ್ಮೇಲೆ ಇವರೇ ನಮ್ಮ ಮಾಸ್ಟರ್, ನನಗೆ ಕಣ್ಣು ಕಾಣಲ್ವಂತೆ!" ಅಂದಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವನೂ ನಗಲು ನೋಡಿದ್ದ. ಆಮೇಲೆ ಅವನು ನನ್ನನ್ನು ಏನನ್ನೂ ಕೇಳಲಿಲ್ಲ.

"ರೇಣವ್ವಾ," ಅಂದೆ. "ಇದೆಲ್ಲ ಗೊತ್ತಿದ್ದೂ ಬೆಳಿಗ್ಗೆ ನನ್ನ ಹತ್ರ ಪತ್ತೆ ಮಾಡಿ ಅಂತ ಯಾಕೆ ಬಂದೆ?"

"ನೀವs ಹೇಳ್ತೀರೇನೋ ಅಂತ ಬಂದೆರಿ."

ಅಷ್ಟೇ ಅಂದಳು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳುತ್ತಿದ್ದೆ.

ಆಗ ಮಧುಮತಿಯ ಫೋನು ಹೊಡೆದುಕೊಂಡಿತು. ಅವರು ನೋಡಿದರು.

"ಜಯನಗರದಿಂದ. ಆಸ್ಪತ್ರೆಯವರು."

ಮಹೇಶ ತಟ್ಟೆಯನ್ನು ಜಗಲಿಯ ಮೇಲಿಟ್ಟ. ನಮಗೆಲ್ಲ ಗೊತ್ತಿತ್ತು. ಬಲಗಣ್ಣಿನ ನಂಜು ಎಡಗಣ್ಣಿಗೂ ಏರಿತ್ತು. ಇವತ್ತು ಮಧ್ಯಾಹ್ನ ಎಡಗಣ್ಣಿನ ಪಟ್ಟಿ ಬಿಚ್ಚುತ್ತೇವೆ, ಕಾಣುತ್ತದೋ ಇಲ್ಲವೋ ಆಗಲೇ ಗೊತ್ತಾಗುವುದು ಎಂದು ಡಾಕ್ಟರು ಹೇಳಿದ್ದರು.

"ಎತ್ತಿ ಮೇಡಂ," ಅಂದೆ.

ಅವರು ಎತ್ತಲಿಲ್ಲ. ಫೋನನ್ನು ಜಗಲಿಕಟ್ಟೆಯ ಮೇಲೆ, ಕಾಫಿ ಲೋಟಗಳ ಪಕ್ಕ ಇಟ್ಟರು. ಅದು ಅಲ್ಲೇ ನಡುಗುತ್ತಿತ್ತು.

"ಮೊದಲು ನೀವು ಹೇಳಿ. ಈ ಸುದ್ದಿ ಕೇಳಿದ್ಮೇಲೆ ಹೇಳಿದ್ರೆ, ಸುದ್ದಿಗೆ ತಕ್ಕ ಹಾಗೆ ನಿಮ್ಮ ಮಾತು ಬದಲಾಗತ್ತೆ."

"ದಾಸಣ್ಣ, ವಕೀಲರು ಬರೋವರೆಗೂ..." ಅಂದ ಮಹೇಶ.

ನಾನು ಕೈ ಅಡ್ಡ ಹಿಡಿದೆ. ಸುಮ್ಮನಿದ್ದರೆ ಸಂಜೆ ಬಸವಂತ ಕೋರ್ಟಿಗೆ ಹೋಗುತ್ತಾನೆ. ಗೋವಿಂದಮ್ಮ ಉಳಿದ ಜನ್ಮವೆಲ್ಲ ತನ್ನ ಕೈಯನ್ನೇ ನೋಡಿಕೊಂಡು ಕೂರುತ್ತಾರೆ. ಈಗಲೇ ಅವರು ನೋಡಿಕೊಳ್ಳುತ್ತಿದ್ದರು.

"ಕೊಕ್ಕರೆ ಸುಳ್ಳು ಮೇಡಂ," ಅಂದೆ. "ಇಟ್ಟಮಡುವಿಂದ ಹುಳಿಮಾವು ಕೆರೆ ಕಾಣೋದೇ ಇಲ್ಲ. ನಾನು ಸಿನಿಮಾ ಬಂದೂಕು ಬಿಟ್ಟು ಬೇರೆ ಬಂದೂಕು ಹಾರಿಸಿಯೇ ಇಲ್ಲ."

"ಅದು ನಂಗೊತ್ತು. ಮುಂದೆ."

"ಗೋವಿಂದಮ್ಮ ಕೇಳಿದ್ದು ನಿಜ. ಇಡಮ್ಮ ಅಂದಿದ್ದೂ ನಿಜ. ನಾನು ಬೇಡ ಅಂದಿದ್ರೆ ಅವರು ಇಡ್ತಿರ್ಲಿಲ್ಲ. ಶಾಟ್ ರೆಡಿ ಅಂದಾಗ ಬಂದೂಕು ತಗೊಂಡು ಬಾಯಿ ಕೆಳಗೆ ಬಗ್ಗಿಸಿದೆ. ಒಂದು ಅಡಿಕೆ ಬಿತ್ತು. ಇನ್ನೊಂದು ಬೀಳ್ಲಿಲ್ಲ. ಗಂಧ ಒಣಗಿ ಅಂಟ್ಕೊಂಡಿತ್ತು ಅನ್ಸತ್ತೆ. ಅನ್ಸತ್ತೆ ಅಷ್ಟೇ, ನಾನು ನೋಡ್ಲಿಲ್ಲ. ಕೈಯಲ್ಲಿದ್ದದ್ದನ್ನ ಬಾಯಿಗೆ ಹಾಕ್ಕೊಂಡೆ. ಅಷ್ಟೊತ್ತಿಗೆ ಲೈಟ್‌ನೋರು ಯಾರೋ, 'ಅಣ್ಣಾ, ಆ ಹುಲಿ ಕಥೆ ಹೇಳಿ' ಅಂದ್ರು. ಹೇಳೋಕೆ ಶುರು ಮಾಡಿದೆ. ಎಲ್ಲರೂ ಸುತ್ತ ಸೇರಿದ್ರು. ಕಥೆ ಮುಗಿಯೋಷ್ಟರಲ್ಲಿ ಮಹೇಶ್ ಸಾರ್ ಕೂಗಿದ್ರು. ಬಂದೂಕನ್ನ ಬಸವಂತನ ಕೈಗೆ ಕೊಟ್ಟೆ. ದಾರ ಹರೀಲಿಲ್ಲ. ಬಿಚ್ಚಲಿಲ್ಲ. ಬಾಯಲ್ಲಿ ಅಡಿಕೆ ಇಟ್ಕೊಂಡೇ ಕ್ಲಿಯರ್ ಅಂತ ಕೂಗಿದೆ."

ಫೋನು ನಿಂತಿತು.

"ಚನ್ನವೀರನಿಗೆ ಕಣ್ಣು ಮುಚ್ಕೋ ಅಂತ ನೂರು ಸಲ ಹೇಳಿದ್ದೆ ಅಂತ ಸ್ಟೇಷನ್ನಲ್ಲಿ ಹೇಳಿದ್ರಿ," ಅಂದರು ಮಧುಮತಿ.

ಇದೊಂದನ್ನು ಅವರು ಕೇಳದಿದ್ದರೆ ಒಳ್ಳೆಯದಿತ್ತು.

"ಅವನೇ ಬಂದು ಕೇಳಿದ. 'ಅಣ್ಣ, ಸದ್ದಾದಾಗ ಕಣ್ಣು ಮುಚ್ಚಿದ್ರೆ ಪರವಾಗಿಲ್ವಾ?' ಅಂತ. ಒಂದೇ ಸಲ ಕೇಳಿದ. ನಾನು..." ಹತ್ತಿರದ ಗುರುತು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. "'ಕಣ್ಣು ಬಿಟ್ಕೊಂಡೇ ನಿಲ್ಲೋ ಮಗಾ, ಬಂದೂಕಿನ ಹಿಂದೆ ದಾಸಪ್ಪ ಇದ್ದಾನೆ' ಅಂದೆ. ಅವನು ಬಿಟ್ಕೊಂಡೇ ನಿಂತ."

ಗೋವಿಂದಮ್ಮ ಜಗಲಿಯ ಮೇಲೆ ಕೂತರು. ರೇಣವ್ವ ಹೋಗಿ ಅವರ ಪಕ್ಕ ನಿಂತಳು. ನನ್ನ ಕಡೆ ಯಾರೂ ಬರಲಿಲ್ಲ.

ಜಗಲಿಕಟ್ಟೆಯ ಮೇಲೆ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಈ ಸಲ ಮಧುಮತಿ ಅದನ್ನು ಎತ್ತಿ, ತಾವು ಮಾತಾಡದೆ, ನನ್ನ ಕೈಗೆ ಕೊಟ್ಟರು.